ಐಸ್ ಪ್ಲಾಂಟಿನ ಶ್ರುತಿ

ಗಂಗೊಳ್ಳಿಯಲ್ಲಿ ನಮ್ಮ ಮನೆ ಐಸ್ ಪ್ಲಾಂಟಿನ ಬೆನ್ನಿಗೇ ಇತ್ತು. ಅದರ ಮೋಟರು ಹಗಲೂ ರಾತ್ರಿ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಬಂದ ನೆಂಟರು ತಲೆನೋವೆಂದು ಹಣೆ ಹಿಡಿದುಕೊಳ್ಳುತ್ತಿದ್ದರು. ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅಪ್ಪಯ್ಯ ಅಲ್ಲಿ ಆಪರೇಟರ್. ಪಾಳಿ ಮುಗಿಸಿ, ಉಂಡು, ಜಗಲಿಯಲ್ಲಿ ಮಲಗಿದರೆಂದರೆ ಪಕ್ಕದಲ್ಲಿ ಗರ್ನಾಲು ಸಿಡಿದರೂ ಏಳುವವರಲ್ಲ. ಆದರೆ ಮೋಟರಿನ ಸ್ವರ ಒಂಚೂರು ಇಳಿಯಲಿ, ಕಾಲಿಗೆ ಚಪ್ಪಲಿಯನ್ನೂ ಹಾಕದೆ ಓಡುತ್ತಿದ್ದರು.

ಈ ಮೋಟರು ನನ್ನ ಸಂಗೀತಕ್ಕೆ ಕಲ್ಲು ಹಾಕುತ್ತಿದೆ ಎಂದು ಗೊತ್ತಾದದ್ದು ಕುಂದಾಪುರದಲ್ಲಿ ಬಿ.ಕಾಂ. ಓದುತ್ತಿದ್ದಾಗ. ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿತ್ತು. ಆದರೆ ಬಸ್ರೂರಿನ ನಮ್ಮ ಸಂಗೀತದ ಟೀಚರಿಗೆ ಸರ್ಟಿಫಿಕೇಟಿನ ಮೇಲೆ ಅಷ್ಟೇನೂ ನಂಬಿಕೆಯಿರಲಿಲ್ಲ. ಸೀನಿಯರ್ ಮುಗಿಸಿದವರು ಪಿಟೀಲು, ಮೃದಂಗ ಇಟ್ಟುಕೊಂಡು ಊರವರ ಎದುರು ಒಂದು ಪೂರ್ತಿ ಕಛೇರಿ ಹಾಡಬೇಕು. ಶ್ರುತಿ ಬಿಡದೆ ಹಾಡಿದರೆ ಮಾತ್ರ ವಿದ್ವತ್ ಪಾಠ. ಇಲ್ಲದಿದ್ದರೆ ಮದುವೆಮನೆಗಳಲ್ಲಿ ಆರತಿ ಹಾಡು ಹೇಳಿಕೊಂಡು ಆರಾಮವಾಗಿರಬಹುದು. ನನಗೆ ವಿದ್ವತ್ ಬೇಕಿತ್ತು. ಬಿ.ಕಾಂ.ಗಿಂತ ಹೆಚ್ಚು ಬೇಕಿತ್ತು.

ಹಾಡಲು ಕೂತಾಗ ಶುರುವಿನಲ್ಲಿ ನಾನು ಶ್ರುತಿಗೆ ಸರಿಯಾಗಿಯೇ ಇರುತ್ತಿದ್ದೆ. ಒಂದೆರಡು ಕೀರ್ತನೆ ಆಗುವಾಗ ಮೆಲ್ಲ ಕೆಳಗೆ ಜಾರಿ, ಪ್ರತಿಸಲವೂ ಒಂದೇ ಜಾಗದಲ್ಲಿ ಹೋಗಿ ಕೂರುತ್ತಿದ್ದೆ. ಟೀಚರಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಮೇ ತಿಂಗಳ ಒಂದು ದಿನ ತಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೇ ಬಂದರು. ಅಂಗಳದಲ್ಲಿ ನಿಂತು ಕಿವಿಗೊಟ್ಟವರು ನಗತೊಡಗಿದರು. ನಾನು ಜಾರಿ ಕೂರುವ ಜಾಗ ಅಲ್ಲೇ ಮನೆಯ ಹಿಂದೆ ಗುಂಯ್ ಎನ್ನುತ್ತಿತ್ತು.

ಹುಟ್ಟಿದಂದಿನಿಂದ ಕಿವಿಗೆ ಬಿದ್ದ ಷಡ್ಜವನ್ನು ಬಿಡಿಸುವುದು ತಮ್ಮಿಂದಾಗದು ಎಂದರು ಟೀಚರ್. ಪೆಟ್ಟಿಗೆಯ ಗುಂಡಿಯನ್ನು ಮೆಲ್ಲ ತಿರುಗಿಸಿ ಮೋಟರಿನ ಸ್ವರಕ್ಕೇ ಕೂಡಿಸಿದರು. ಗುರುತಿಗೆ ತಮ್ಮ ಹಣೆಯ ಸ್ಟಿಕ್ಕರ್ ಕಿತ್ತು ಅಲ್ಲಿಗೆ ಅಂಟಿಸಿ, ಪೆಟ್ಟಿಗೆಯನ್ನು ನನಗೆ ಬಿಟ್ಟುಹೋದರು. ಹಾರ್ಮೋನಿಯಂನ ಯಾವ ಮನೆಯಲ್ಲೂ ಸಿಗದ ಆ ಶ್ರುತಿಗೆ ಮುಂದೆ ಕಛೇರಿಯ ದಿನ ತಂತಿ ಕೂಡಿಸುವಾಗ ಪಿಟೀಲಿನವರು ಮನಸ್ಸಿನಲ್ಲೇ ನನ್ನ ವಂಶವನ್ನೆಲ್ಲ ನೆನೆದಿರಬೇಕು.

ಜೂನ್ ಬಂತು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದ ಮೇಲೆ ಐಸ್ ಯಾರಿಗೆ? ಪ್ಲಾಂಟು ಬಾಗಿಲು ಹಾಕಿತು. ನಮ್ಮ ಗೋಡೆ ಗಡಿಯಾರಕ್ಕೆ ಟಿಕ್ ಟಿಕ್ ಎನ್ನಲು ಬರುತ್ತದೆಂದು ಆಗಲೇ ಗೊತ್ತಾದದ್ದು. ಅಪ್ಪಯ್ಯನ ಮಧ್ಯಾಹ್ನದ ನಿದ್ದೆ ಹಾರಿಹೋಯಿತು. ನಿದ್ದೆಯಿಲ್ಲದ ಅಪ್ಪಯ್ಯ ಸಾರಿನ ಉಪ್ಪಿನಿಂದ ಹಿಡಿದು ಪಕ್ಕದ ಮನೆಯ ಕೋಳಿಯ ತನಕ ಎಲ್ಲದರಲ್ಲೂ ತಪ್ಪು ಹುಡುಕತೊಡಗಿದರು.

ಹಾಗಿರುವಾಗ ಒಂದು ದಿನ ಊಟವಾದ ಮೇಲೆ ನಾನು ಪೆಟ್ಟಿಗೆ ಹಚ್ಚಿ ಅಭ್ಯಾಸಕ್ಕೆ ಕೂತೆ. ಪಲ್ಲವಿ ಮುಗಿಯುವ ಮೊದಲೇ ಜಗಲಿಯಿಂದ ಗೊರಕೆ ಕೇಳಿಸಿತು. ಅಂದಿನಿಂದ ಉಂಡ ಕೈ ಒಣಗುವ ಮೊದಲು ಹಾಡಲು ಕೂರಬೇಕೆಂದು ಅಪ್ಪಣೆಯಾಯಿತು. ನನ್ನ ಸಂಗೀತಕ್ಕೆ ಮನೆಯಲ್ಲಿ ಇಷ್ಟಾದರೂ ಬೆಲೆ ಬಂತಲ್ಲ ಎಂದು ನಾನು ಬೀಗಿದರೆ ಅಮ್ಮ ಅಪ್ಪಯ್ಯನ ನಿದ್ದೆಯ ಗುಟ್ಟು ಹೇಳಿ ತಣ್ಣೀರೆರಚಿದಳು.

"ಅಪ್ಪಯ್ಯ ಒರ್ಗುದ್ ಆ ಪೆಟ್ಗಿ ಶಬ್ದಕ್ಕ್, ನಿನ್ನ ರಾಗಕ್ಕಲ್ಲ ಹೆಣೆ."

ಕಛೇರಿ ಜುಲೈಯಲ್ಲಿ, ಬಸ್ರೂರಿನ ಒಂದು ಹಾಲಿನಲ್ಲಿ. ಅಪ್ಪಯ್ಯ ಇಸ್ತ್ರಿ ಅಂಗಿ ಹಾಕಿ ಮೊದಲ ಸಾಲಿನಲ್ಲಿ ಕೂತರು. ವರ್ಣಕ್ಕೆ ಅವರು ತಲೆದೂಗಿದ್ದು ಕಂಡು ಖುಷಿಯಾಯಿತು. ಅದು ತೂಕಡಿಕೆ ಎಂದು ಎರಡನೇ ಕೀರ್ತನೆಯ ಹೊತ್ತಿಗೆ ಗೊತ್ತಾಯಿತು. ನಾನು ಕಲ್ಯಾಣಿಯ ಆಲಾಪನೆ ಎತ್ತಿಕೊಳ್ಳುವಾಗ ಬಾಯಿ ತೆರೆದು ಗಾಢ ನಿದ್ದೆ. ಅಮ್ಮ ಮೊಣಕೈಯಲ್ಲಿ ತಿವಿದದ್ದೂ ದಂಡ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆಗಲೇ ಕರೆಂಟು ಹೋಯಿತು. ಫ್ಯಾನು, ಮೈಕು, ಶ್ರುತಿಪೆಟ್ಟಿಗೆ ಒಟ್ಟಿಗೇ ನಿಂತವು. ಹೊರಗೆ ಮಳೆಯೂ ನಿಂತು ಹೊಳವಾಗಿತ್ತು. ನಾನು ನಿಲ್ಲಿಸುತ್ತೇನೆಂದು ಪಿಟೀಲಿನವರು ಕಮಾನು ಇಳಿಸಿದರು. ನನಗೆ ನಿಲ್ಲಿಸಲು ಹೆದರಿಕೆ, ಮುಂದುವರಿಸಿದರೆ ಎಲ್ಲಿ ಜಾರುತ್ತೇನೋ ಎಂದು ಇನ್ನೂ ಹೆದರಿಕೆ. ಹಾಡುತ್ತಲೇ ಅಪ್ಪಯ್ಯನನ್ನು ನೋಡಿದೆ. ಸ್ವರ ಕೂದಲೆಳೆಯಷ್ಟು ಇಳಿದರೂ ಎದ್ದು ಓಡುವ ಮನುಷ್ಯ ಅಲುಗದೆ ಮಲಗಿದ್ದರು. ಪೆಟ್ಟಿಗೆಯ ಸದ್ದೂ ಇಲ್ಲ. ಅವರನ್ನು ಮಲಗಿಸಿರುವುದು ನಾನೊಬ್ಬಳೇ. ಅವರ ಮುಖ ನೋಡಿಕೊಂಡೇ ಹಾಡಿದೆ. ಅಪ್ಪಯ್ಯನ ಗೊರಕೆಯನ್ನು ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಕೇಳಿರಲಿಲ್ಲ.

ಕರೆಂಟು ಬಂದು ಪೆಟ್ಟಿಗೆ ಮತ್ತೆ ಗುಂಯ್ ಎಂದಾಗ ಅದೂ ನಾನೂ ಒಂದೇ ಕಡೆ ಇದ್ದೆವು. ಪಿಟೀಲಿನವರು ತಲೆಯೆತ್ತಿ ನನ್ನನ್ನು ನೋಡಿದರು. ಟೀಚರ್ ಮಾತ್ರ ಮುಖದಲ್ಲಿ ಏನೂ ತೋರಿಸಲಿಲ್ಲ.

ಮಂಗಳ ಮುಗಿಸಿ ನಾನು ಸುಮ್ಮನಾದೆ. ಟೀಚರ್ ವೇದಿಕೆಗೆ ಬಂದು ಪೆಟ್ಟಿಗೆ ಆರಿಸಿದರು. ಚಪ್ಪಾಳೆ ಬೀಳುವ ಮೊದಲೇ ಅಪ್ಪಯ್ಯ ಧಡಕ್ಕನೆ ಎದ್ದು, ಕುರ್ಚಿಯ ಕೆಳಗಿದ್ದ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ಹೊರಟೇಬಿಟ್ಟರು.

"ಹ್ವಾಯ್, ಮೋಟರ್ ಎಂತಕ್ ನಿಂತ್ತ್?"

ಹಾಲಿಗೆ ಹಾಲೇ ನಕ್ಕಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ವೇದಿಕೆಯಿಂದಲೇ ಅಪ್ಪಯ್ಯನಿಗೆ ಹೇಳಿದರು:

"ಗಡಿಬಿಡಿ ಮಾಡ್ಬೇಡಿ. ನಾಡ್ದಿಂದ ವಿದ್ವತ್ ಪಾಠ, ಗುಂಯ್ ಅಂಬುದ್ ಮತ್ ಶುರು ಆತ್ತ್."