ಕರಿಬೇವಿನ ಬುಡಕ್ಕೆ ಸುರಿದ ಹಾಲು

ಅವತ್ತು ಬೆಳಿಗ್ಗೆ ಹೀರೇಕಾಯಿ ಹೆಚ್ಚುವಾಗ ಈಳಿಗೆ ಮಣೆ ಎಡಗೈ ತೋರುಬೆರಳಿಗೆ ತಾಗಿತು. ಆಳವೇನಿಲ್ಲ. ಆದರೂ ರಕ್ತ ನಿಲ್ಲಲಿಲ್ಲ. ಅತ್ತೆ ಅರಿಶಿನ ಒತ್ತುತ್ತಾ, ಕಣ್ಣು ಎಲ್ಲಿಟ್ಟುಕೊಂಡು ಹೆಚ್ತೀಯ ಅಂತ ಗೊಣಗಿದರು. ಅಷ್ಟರಲ್ಲಿ ಹೊರಗೆ ದಡಾರ್ ಅಂತ ಸದ್ದಾಯಿತು.

ನಮ್ಮ ಮನೆ ಇರುವುದು ಹಿರಿಯೂರಿನಲ್ಲಿ, ಸಂತೆಗೆ ತಿರುಗುವ ರಸ್ತೆಯ ಮೂಲೆಯಲ್ಲಿ. ಕುರಿ ತುಂಬಿದ್ದ ಲಗೇಜ್ ಆಟೊ ಮಗುಚಿಬಿದ್ದಿತ್ತು. ಕುರಿಗಳು ನಮ್ಮ ರಂಗೋಲಿ ತುಳಿದುಕೊಂಡು ದಿಕ್ಕಾಪಾಲಾಗಿ ಓಡುತ್ತಿದ್ದವು. ಗಂಡಸರೆಲ್ಲ ಅವುಗಳ ಹಿಂದೆ ಓಡಿದರು. ಆಟೊ ಪಕ್ಕದಲ್ಲಿ ಒಬ್ಬ ಹೆಂಗಸು ನೆಲಕ್ಕೆ ಕೂತಿದ್ದರು. ತಗಡು ತೊಡೆಯನ್ನು ಸೀಳಿತ್ತು. ವಿಚಿತ್ರವೆಂದರೆ, ಅವರ ಹೆಗಲ ಮೇಲಿನ ಕಂಬಳಿ ಮಡಿಕೆ ಕೆಡದೆ ಹಾಗೇ ಇತ್ತು.

ನಾನು ಸೆರಗು ಮುದ್ದೆ ಮಾಡಿ ಎರಡೂ ಕೈಯಿಂದ ಒತ್ತಿ ಹಿಡಿದೆ. ಬಿಸಿ ರಕ್ತ ಬೆರಳ ಸಂದಿಯಿಂದ ಬಳೆಯವರೆಗೆ ಇಳಿಯಿತು.

ಕೈ ತೆಗಿ ತಾಯಿ ಅಂದರು. ನೋವಿಗೆ ಅನ್ನುತ್ತಿದ್ದಾರೆ ಅಂದುಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರ್ ಫಸ್ಟ್ ಏಡ್ ಕಲಿಸುವಾಗ, ಒತ್ತಿದ ಕೈಯನ್ನು ಯಾರು ಹೇಳಿದರೂ ತೆಗೆಯಬಾರದು ಅಂತ ಹೇಳಿದ್ದರು. ಇನ್ನೂ ಗಟ್ಟಿಯಾಗಿ ಒತ್ತಿದೆ. ಅವರು ಮತ್ತೆ ಮತ್ತೆ ಅದನ್ನೇ ಹೇಳಿದರು. ನಾನು ಮತ್ತೆ ಮತ್ತೆ ಸಮಾಧಾನ ಮಾಡಿದೆ.

ಆ್ಯಂಬುಲೆನ್ಸಿಗೆ ಎತ್ತುವಾಗ ಅವರು ನನ್ನ ಸೆರಗು ಹಿಡಿದು ಮುಖದ ಹತ್ತಿರಕ್ಕೆ ಎಳೆದುಕೊಂಡರು. ಅವರ ಬಾಯಿಂದ ಎಲೆಅಡಿಕೆಯ ವಾಸನೆ ಬರುತ್ತಿತ್ತು.

"ನಿನ್ ಬೆರಳಾಗೆ ಗಾಯ ಐತೆ. ನಂಗೆ ಆ ಕಾಯ್ಲೆ ಐತೆ ತಾಯಿ. ದಿನಾ ಮಾತ್ರೆ ತಗಂತೀನಿ. ನೀನು ಇವತ್ತೇ ಆಸ್ಪತ್ರೆಗೆ ಹೋಗು. ಹತ್ತದಂಗೆ ತಡಿಯಾಕೂ ಮಾತ್ರೆ ಐತೆ."

ಬಾಗಿಲು ಮುಚ್ಚಿತು. ಆ ಕಾಯಿಲೆ ಅಂದರೆ ಯಾವುದು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಚ್‌ಐವಿ.

ಮನೆಯೊಳಗೆ ಹೇಗೆ ಬಂದೆನೋ. ನಲ್ಲಿಯ ಕೆಳಗೆ ಬೆರಳು ಹಿಡಿದು ಹಿಂಡಿದೆ. ಹಿಂಡಿದಷ್ಟೂ ಒಳ್ಳೆಯದು ಅಂತ ತಲೆಯಲ್ಲಿತ್ತು. ತಲೆ ಮೇಲೆ ನೀರು ಸುರಿದುಕೊಂಡೆ. ಸೀರೆ ನೆನೆಹಾಕಿದೆ. ಹೊರಗೆ ಬರುವಷ್ಟರಲ್ಲಿ ಎರಡೂ ಕೂಸುಗಳು ಅಳುತ್ತಿದ್ದವು.

ಎರಡು ಅಂದರೆ, ಒಂದು ನನ್ನ ಮಗ. ಇನ್ನೊಂದು ಗೀತಾಳ ಮಗಳು. ಗೀತಾ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಹೊಸದುರ್ಗದವಳು. ಅವಳಿಗೆ ಹಾಲು ಸಾಲುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾವ ಕೂಸು ಅತ್ತರೂ ಹಾಲಿದ್ದವಳ ಮಡಿಲಿಗೆ ಹಾಕುವುದು ಪದ್ಧತಿ. ಅತ್ತೆಯೂ ಅವರ ವಾರಗಿತ್ತಿಯೂ ಹೀಗೇ ಒಬ್ಬರ ಮಕ್ಕಳನ್ನು ಇನ್ನೊಬ್ಬರು ಸಾಕಿದವರು. ಇದಕ್ಕೆ ಕೇಳುವುದು, ಹೇಳುವುದು ಏನೂ ಇಲ್ಲ. ಅತ್ತೆ ಎತ್ತಿಕೊಂಡು ಬಂದು ಹಾಕುತ್ತಾರೆ, ಅಷ್ಟೇ.

ಅವತ್ತೂ ಹಾಕಿದರು. ಮೊದಲು ಮಗ. ಆಮೇಲೆ ಗೀತಾಳ ಮಗಳು. ಅವಳು ಕುಡಿಯುತ್ತಾ ನನ್ನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಾಗ ನನಗೆ ಎಚ್ಚರವಾದ ಹಾಗಾಯಿತು.

ಇಬ್ಬರಿಗೂ ಕುಡಿಸಿಬಿಟ್ಟಿದ್ದೆ.

ಊಟಕ್ಕೆ ಬಂದ ನಮ್ಮ ಮನೆಯವರಿಗೆ ರೂಮಿನಲ್ಲಿ ಹೇಳಿದೆ. ಅನ್ನ ಕಲಸಿದ ಕೈ ತಟ್ಟೆಯಲ್ಲೇ ಉಳಿಯಿತು. ಊರಿನ ಆಸ್ಪತ್ರೆ ಬೇಡ, ಅಲ್ಲಿಯ ನರ್ಸ್ ನಮ್ಮ ಬೀದಿಯವರು ಅಂದೆ. ಬೈಕಿನಲ್ಲಿ ದುರ್ಗದ ಜಿಲ್ಲಾಸ್ಪತ್ರೆಗೆ ಹೊರಟೆವು. ಹೈವೇಯಲ್ಲಿ ಇವರು ಕತ್ತು ತಿರುಗಿಸದೆ ಕೇಳಿದರು, ಆ ಹೆಂಗಸು ಯಾವ ಹಟ್ಟಿಯವಳು ಅಂತ. ಗೊತ್ತಿಲ್ಲ ಅಂದೆ. ಗೊತ್ತಿತ್ತು. ಆ್ಯಂಬುಲೆನ್ಸಿನವನಿಗೆ ಅವರು ಊರಿನ ಹೆಸರು ಹೇಳಿದ್ದನ್ನು ಕೇಳಿದ್ದೆ. ಇಲ್ಲಿಯೂ ಬರೆಯುವುದಿಲ್ಲ. ಅಷ್ಟು ಜನ ಸುತ್ತ ನಿಂತಿದ್ದಾಗ ಅವರು ಬಾಯಿ ಬಿಟ್ಟದ್ದು ನನಗೋಸ್ಕರ. ಸುಮ್ಮನಿದ್ದಿದ್ದರೆ ಅವರಿಗೆ ಯಾವ ತೊಂದರೆಯೂ ಇರಲಿಲ್ಲ.

ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ನಾನು ಪಿಸುಗುಟ್ಟಿದರೆ ಅವರೂ ಪಿಸುಗುಟ್ಟಿದರು, ಅದು ಇವತ್ತಿಗೂ ನೆನಪಿದೆ. ಬೆರಳು ಹಿಂಡಬಾರದಿತ್ತು, ಸೋಪು ನೀರಲ್ಲಿ ತೊಳೆದಿದ್ದರೆ ಸಾಕಿತ್ತು ಅಂದರು. ಆ ಹೆಂಗಸು ದಿನಾ ಮಾತ್ರೆ ತೆಗೆದುಕೊಳ್ಳುವವರಾದರೆ ರಕ್ತದಲ್ಲಿ ವೈರಸ್ ಬಹಳ ಕಡಿಮೆ ಇರಬಹುದು, ಆದರೆ ಆ ಊಹೆಯ ಮೇಲೆ ಸುಮ್ಮನೆ ಕೂರುವ ಹಾಗಿಲ್ಲ ಅಂದರು.

"ಮೂರು ದಿನದ ಒಳಗೆ ಶುರು ಮಾಡಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ನೀವು ಇವತ್ತೇ ಬಂದಿದ್ದೀರಿ. ಯಾರೋ ಸರಿಯಾಗಿ ಹೇಳಿದ್ದಾರೆ."

ನಾನು ಹಾಲಿನ ವಿಷಯ ಕೇಳಿದೆ. ಎರಡು ಸಲ ಕೇಳಬೇಕಾಯಿತು. ಸೋಂಕು ತಗುಲಿದ್ದರೂ ಕೆಲವೇ ಗಂಟೆಯಲ್ಲಿ ಹಾಲಿಗೆ ಬರುವುದಿಲ್ಲ, ಇವತ್ತು ಕುಡಿಸಿದ್ದಕ್ಕೆ ಹೆದರಬೇಡಿ ಅಂದರು. ಮುಂದಿನದು ಬೇರೆ. ಕೊಡಲೇಬಾರದು ಅಂತಲ್ಲ, ಆದರೆ ಟೆಸ್ಟುಗಳು ಮುಗಿಯುವ ತನಕ ನಿಲ್ಲಿಸುವುದು ಕ್ಷೇಮ. ಅದರಲ್ಲೂ ಇನ್ನೊಬ್ಬರ ಮಗುವಿಗೆ ಬೇಡ.

ಮೊದಲ ಟೆಸ್ಟಿಗೆ ರಕ್ತ ಕೊಟ್ಟೆ. ಮೊದಲ ಮಾತ್ರೆಯನ್ನು ಅಲ್ಲೇ, ಅವರ ಎದುರಿಗೇ ನುಂಗಿದೆ.

ಹೊರಗೆ ಒಬ್ಬ ಹುಡುಗಿ ಕಾಯುತ್ತಿದ್ದಳು. ಎಮರ್ಜೆನ್ಸಿಯಲ್ಲೇ ಟೆಸ್ಟ್ ಮಾಡಿ ಮಾತ್ರೆ ಶುರು ಮಾಡಿದವರಲ್ಲಿ ಎಷ್ಟು ಜನ ತಿಂಗಳು ಪೂರ್ತಿ ನುಂಗುತ್ತಾರೆ, ಎಷ್ಟು ಜನ ನಡುವೆ ಬಿಡುತ್ತಾರೆ, ಯಾಕೆ ಬಿಡುತ್ತಾರೆ ಅನ್ನುವ ಅಧ್ಯಯನವಂತೆ. ಇಷ್ಟವಿದ್ದರೆ ಮಾತ್ರ ಅಂದಳು. ವಾರಕ್ಕೊಮ್ಮೆ ಫೋನ್ ಮಾಡಬಹುದೇ, ಮನೆಯಲ್ಲಿ ಬೇರೆಯವರು ಎತ್ತಿದರೆ ಯಾರು ಅಂತ ಹೇಳಲಿ ಅಂತ ಕೇಳಿದಳು. ನನಗೆ ಹೊಳೆದದ್ದು ಒಂದೇ. ಟೈಲರ್ ಅನ್ನಿ ಅಂದೆ.

ಆ ತಿಂಗಳ ಬಗ್ಗೆ ಹೇಗೆ ಬರೆಯಲಿ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಒಗ್ಗರಣೆ ವಾಸನೆಗೆ ಆಗುತ್ತಿರಲಿಲ್ಲ. ಹಗಲೆಲ್ಲ ಮಂಪರು. ಬೆರಳಿನ ಗಾಯಕ್ಕೆ ಆ್ಯಂಟಿಬಯಾಟಿಕ್ ಕೊಟ್ಟಿದ್ದಾರೆ, ಅದಕ್ಕೇ ಹಾಲು ಕೊಡುವಂತಿಲ್ಲ ಅಂತ ಮನೆಯಲ್ಲಿ ಹೇಳಿದ್ದೆ. ಮುಂಜಾಗ್ರತೆ ವಹಿಸಬೇಕು ಅಂತ ಇವರಿಗೂ ಆಸ್ಪತ್ರೆಯ ಕೌನ್ಸೆಲರ್ ಹೇಳಿದ್ದರು. ಇವರು ಫ್ಯಾನ್ ಸದ್ದು ಜಾಸ್ತಿ ಅಂತ ದಿಂಬು ಎತ್ತಿಕೊಂಡು ನಡುಮನೆಗೆ ಹೋದರು. ಆ ಫ್ಯಾನ್ ಮದುವೆಯಾದಾಗಿನಿಂದ ಅದೇ ಸದ್ದು ಮಾಡುತ್ತಿದೆ.

ಎದೆ ಕಲ್ಲಾಗುತ್ತಿತ್ತು. ಹಿತ್ತಲಿಗೆ ಹೋಗಿ ಲೋಟಕ್ಕೆ ಹಿಂಡಿ, ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದೆ. ಹಾಲನ್ನು ಕಾಲು ತುಳಿಯುವ ಕಡೆ ಚೆಲ್ಲಬಾರದು ಅಂತ ನಮ್ಮಮ್ಮ ಹೇಳುತ್ತಿದ್ದರು. ಒಳಗೆ ಮಗು ಹಸಿದು ಕಿರುಚುತ್ತಿರುತ್ತದೆ, ಇಲ್ಲಿ ಇರುವೆಗಳು ಸಾಲುಗಟ್ಟಿ ಬರುತ್ತವೆ. ನಾನು ಇರುವೆಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ.

ಮಗ ಹೇಗೋ ರಾಗಿ ಸರಿಗೆ ಒಗ್ಗಿದ. ಗೀತಾಳ ಮಗಳು ಇನ್ನೂ ಎಳೆಯದು. ಪೌಡರ್ ಹಾಲು ಬಾಯಿಗಿಟ್ಟರೆ ಉಗುಳುತ್ತಿದ್ದಳು. ಗೀತಾ ಪಾತ್ರೆ ಜೋರಾಗಿ ಇಡತೊಡಗಿದಳು. ಒಂದು ದಿನ ಬಟ್ಟೆ ಹಿಂಡುತ್ತಾ, ನನ್ನ ಕಡೆ ನೋಡದೆ ಅಂದಳು: "ಗಿಡಕ್ಕೆ ಹಾಕಾಕೆ ಐತೆ, ನನ್ ಮಗೀಗೆ ಇಲ್ಲ. ಇರ್ಲಿ ಬಿಡಕ್ಕ. ಗಿಡನಾದ್ರೂ ದಪ್ಪಾಗ್ಲಿ."

ಟೈಲರ್ ಫೋನ್ ಬಂದಾಗಲೆಲ್ಲ ಅತ್ತೆಯೇ ಎತ್ತುತ್ತಿದ್ದರು. ಒಂದು ಬ್ಲೌಸಿಗೆ ಇಷ್ಟು ಸಲ ಫೋನ್ ಮಾಡೋ ಟೈಲರನ್ನ ನಾನು ನೋಡೇ ಇಲ್ಲ, ಏನು ಹೊಲೀತಾಳೋ ಅಂತ ಗೀತಾಗೆ ಹೇಳುತ್ತಿದ್ದುದು ಕೇಳಿಸಿತು.

ಮಾತ್ರೆ ಮುಗಿಯಲು ಇನ್ನೂ ಒಂದು ವಾರವಿತ್ತು. ಮಧ್ಯಾಹ್ನ ಮಗನ ಪಕ್ಕದಲ್ಲಿ ಮಲಗಿದ್ದೆ. ಮಾತ್ರೆಯ ಮಂಪರಿನಲ್ಲಿ ಕಣ್ಣು ಎಳೆದುಕೊಂಡು ಹೋಗಿತ್ತು. ಎದೆಯ ಹತ್ತಿರ ಬೆಚ್ಚಗೆ ಏನೋ ಆಡಿತು. ಕನಸು ಅಂದುಕೊಂಡೆ. ಕಣ್ಣು ಬಿಟ್ಟೆ.

ಗೀತಾಳ ಮಗಳು.

ಅತ್ತೆ ಪಕ್ಕದಲ್ಲೇ ಕೂತಿದ್ದರು. ಕೂಸಿನ ಅಳು ನೋಡಲಾಗದೆ, ಎಂದಿನ ಹಾಗೆ, ಎತ್ತಿಕೊಂಡು ಬಂದು ನನ್ನ ಕುಪ್ಪಸ ಸರಿಸುತ್ತಿದ್ದರು. ಮಗುವಿನ ತುಟಿ ಇನ್ನೇನು ತಾಗಬೇಕು. ನಾನು ಅದನ್ನು ಎಳೆದು ಆಚೆ ಸರಿಸಿದೆ. ಮೆಲ್ಲಗೆ ಸರಿಸಲಿಲ್ಲ. ಅದು ಹೆದರಿ ಉಸಿರು ಕಟ್ಟಿ ಅತ್ತಿತು. ಗೀತಾ ಓಡಿ ಬಂದಳು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅಂಥ ನೋಟ ಅವರಲ್ಲಿ ನಾನು ಕಂಡಿರಲಿಲ್ಲ.

"ಏನಾಗೈತೆ ನಿಂಗೆ? ನಿಜ ಹೇಳು," ಅಂದರು.

ಹೇಳಿದರೆ ಏನೇನಾಗಬಹುದು ಅಂತ ನಾನು ಎಷ್ಟೋ ದಿನ ಯೋಚಿಸಿದ್ದೆ. ತವರಿಗೆ ಕಳಿಸಬಹುದು. ಬೀದಿಗೆ ಗೊತ್ತಾಗಬಹುದು. ಆ ಕ್ಷಣ ಅದ್ಯಾವುದೂ ತಲೆಯಲ್ಲಿರಲಿಲ್ಲ. ರಸ್ತೆಯಲ್ಲಿ ಕೂತು, ರಕ್ತ ಸೋರುತ್ತಾ, ಕೈ ತೆಗಿ ತಾಯಿ ಅಂದ ದನಿ ಮಾತ್ರ ಕೇಳುತ್ತಿತ್ತು. ಎಲ್ಲ ಹೇಳಿದೆ. ಅವರ ಊರು ಒಂದನ್ನು ಬಿಟ್ಟು.

ಗೀತಾ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ಹತ್ತಿರಕ್ಕೆ ಸರಿದಳು. "ಮೊದಲೇ ಹೇಳಿದ್ರೆ ನಾನೇನು ಹೊರಗೆ ಹಾಕ್ತಿದ್ನಾ ಅಕ್ಕ?" ಅಂದಳು. ಮರುದಿನ ಹೊಸದುರ್ಗಕ್ಕೆ ಹೊರಟುಹೋದಳು. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಊಟದಿಂದ ಹರಡುವುದಿಲ್ಲ ಅಂತ ಇವರು ಕೂರಿಸಿಕೊಂಡು ಹೇಳಿದರು. ಅತ್ತೆ ತಲೆಯಾಡಿಸಿದರು, ತಟ್ಟೆ ಮಾತ್ರ ಅಲ್ಲೇ ಇತ್ತು. ಆದರೆ ಅವತ್ತಿನಿಂದ ದಿನಾ ಊಟವಾದ ಮೇಲೆ, ಮಾತ್ರೆ ತಗಂಡ್ಯಾ ಅಂತ ಕೇಳತೊಡಗಿದರು. ಟೈಲರ್ ಫೋನ್ ಬಂದರೆ, "ತಗಂಡಾಳೆ ಕಣವ್ವ, ಮುಂದೆ ನಿಂತು ನುಂಗ್ಸೀನಿ" ಅಂತ ತಾವೇ ಹೇಳುತ್ತಿದ್ದರು. ಇವರೂ ಒಂದು ದಿನ ದಿಂಬು ಎತ್ತಿಕೊಂಡು ರೂಮಿಗೆ ಬಂದರು. ಫ್ಯಾನ್ ರಿಪೇರಿ ಮಾಡಿಸಿರಲಿಲ್ಲ.

ಆರು ವಾರದ ಟೆಸ್ಟಿನಲ್ಲಿ ಏನೂ ಇರಲಿಲ್ಲ. ಮೂರು ತಿಂಗಳಿನದು ಕೊನೆಯದು. ಅದಕ್ಕೆ ಅತ್ತೆ ತಾವೇ ಬರುತ್ತೇನೆಂದು ಹೊರಟರು. ಕೌನ್ಸೆಲರ್ ಒಳಗೆ ಕರೆದು ಬಾಗಿಲು ಹಾಕಿದರು.

ನಾನ್-ರಿಯಾಕ್ಟಿವ್, ಸೋಂಕು ಇಲ್ಲ ಅಂದರು.

ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಬೆರಳನ್ನು ನೋಡಿಕೊಂಡೆ. ಗಾಯದ ಗೆರೆ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಇನ್ನು ಹಾಲು ಕೊಡಬಹುದು ಅಂದರು. ಹಾಲು ಆಗಲೇ ಬತ್ತಿತ್ತು.

ಹೊರಗಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು. ಪಕ್ಕ ಕೂತು, ಏನೂ ಇಲ್ಲ ಅಂತ ತಲೆಯಾಡಿಸಿದೆ. ಅವರು ಕಣ್ಣು ಮುಚ್ಚಿ ಕೊರಳಲ್ಲಿದ್ದ ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಆಗ ನೋಡಿದೆ. ಪಕ್ಕದಲ್ಲಿ, ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರಿನ ಸಾಲಿನಲ್ಲಿ, ಹೆಗಲ ಮೇಲೆ ಮಡಿಕೆ ಕೆಡದ ಕಂಬಳಿ. ಒಂದು ಕಾಲು ಎಳೆದು ನಿಂತಿದ್ದಾರೆ. ಅವರೂ ನನ್ನನ್ನು ನೋಡಿದರು. ಮುಖದಲ್ಲಿ ಗುರುತಿನ ಒಂದು ಗೆರೆಯೂ ಮೂಡದ ಹಾಗೆ ಕಣ್ಣನ್ನು ನನ್ನ ಕೈಯ ಕಡೆಗೆ ಇಳಿಸಿದರು.

ನಾನು ಬೆರಳನ್ನು ಸ್ವಲ್ಪ ಎತ್ತಿ ತೋರಿಸಿದೆ. ಅಷ್ಟೇ.

ಅತ್ತೆ ನನ್ನನ್ನು ನೋಡಿದರು, ಅವರನ್ನು ನೋಡಿದರು, ಅವರ ಕಾಲನ್ನು ನೋಡಿದರು. "ಆಕೇನಾ?" ಅಂತ ಮೆಲ್ಲಗೆ ಕೇಳಿದರು. ಯಾರು ಅಂದೆ. ಅತ್ತೆ ಬುತ್ತಿ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬೆಂಚಿನ ಮೇಲೆ ನನ್ನ ಕಡೆಗೆ ಸರಿದು ಜಾಗ ಮಾಡಿದರು.

"ಬಾರವ್ವ, ಕುಂತ್ಕ. ಸಾಲು ಎಲ್ಲೂ ಹೋಗಲ್ಲ. ಕಾಲು ನೋಯ್ತಿರಬೇಕು."

ಅವರು ಸ್ವಲ್ಪ ಹೊತ್ತು ಅನುಮಾನಿಸಿದರು. ಆಮೇಲೆ ಬಂದು ಕೂತರು. ಅತ್ತೆ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಮೊದಲ ಚೂರು ಅವರಿಗೆ ಕೊಟ್ಟರು. ಮೂವರೂ ಒಂದೇ ಡಬ್ಬಿಯ ಚಟ್ನಿಗೆ ಅದ್ದಿಕೊಂಡು ತಿಂದೆವು.