ಗುರುವಾರದ ಅಹಮದಾಬಾದ್ ಬಸ್ಸು

ನಮ್ಮ ಬ್ಯಾಂಡಿನಲ್ಲಿ ನಾಲ್ವರಿದ್ದೆವು. ಹಾಡುವವಳು ಸೂರತ್ತಿನವಳು, ವಡೋದರಾದಲ್ಲಿ ಚಿತ್ರಕಲೆ ಓದುತ್ತಿದ್ದಳು. ಡ್ರಮ್ಸ್ ಬಾರಿಸುವವನು ಅವಳ ಸಹಪಾಠಿ. ಕೀಬೋರ್ಡ್ ನನ್ನದು, ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಮೈಸೂರಿನಿಂದ ಬಂದ ನಾನು ಅಲ್ಲಿಯೇ ಕಾಲೇಜು ಸೇರಿದ್ದೆ. ಗಿಟಾರ್ ನುಡಿಸುತ್ತಿದ್ದವನು ಧಾರವಾಡದವನು, ನಮಗಿಂತ ನಾಲ್ಕೈದು ವರ್ಷ ದೊಡ್ಡವನು. ವಡೋದರಾದ್ದೇ ಗೋರ್ವಾ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಕೆಲಸ, ಪಕ್ಕದಲ್ಲೇ ಬಾಡಿಗೆ ಕೋಣೆ. ಆ ಊರಿನಲ್ಲಿ ಮನೆಯ ಹೊರಗೆ ನಾನು ಕನ್ನಡ ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆ. ಅವನ ಮೇಲೆಯೇ ನನಗೆ ಅನುಮಾನ ಬಂತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಕಾಲೇಜು ಹಬ್ಬಗಳಲ್ಲಿ ಎಲ್ಲರೂ ಇಂಗ್ಲಿಷಿನವರ ಹಾಡು ನುಡಿಸುತ್ತಿದ್ದರೆ ನಾವು ಹಿಂದಿಯಲ್ಲಿ ನಮ್ಮದೇ ಹಾಡು ಕಟ್ಟಿದೆವು. ಮಟ್ಟುಗಳೆಲ್ಲ ಅವನವು. ಅಹಮದಾಬಾದಿನ ಒಂದು ಕಾಲೇಜಿನಲ್ಲಿ ಹುಡುಗರು ಒಂದೇ ಹಾಡನ್ನು ಮೂರು ಸಲ ಹಾಡಿಸಿದರು. ಆಮೇಲೆ ಕರೆಗಳು ಬರತೊಡಗಿದವು. ಗುಜರಾತಿ ಪತ್ರಿಕೆಯಲ್ಲಿ ನಮ್ಮ ಫೋಟೋ ಬಂದಾಗ, ಆ ಲಿಪಿಯ ಒಂದಕ್ಷರವೂ ಓದಲು ಬಾರದ ಅಮ್ಮ ಅದನ್ನು ಕತ್ತರಿಸಿ ದೇವರ ಕಪಾಟಿನಲ್ಲಿಟ್ಟಳು.

ಅವನು ಬದಲಾದದ್ದು ಅದೇ ದಿನಗಳಲ್ಲಿ. ಅಭ್ಯಾಸದ ವೇಳೆ ತನ್ನ ಗಿಟಾರಿನ ಸದ್ದನ್ನು ಏರಿಸುತ್ತಲೇ ಹೋದ. ನಾವು ಮೂವರು ಮಾತಾಡುತ್ತಿದ್ದರೆ ಎತ್ತಲೋ ನೋಡುತ್ತ ಸುಮ್ಮನಿರುತ್ತಿದ್ದ. ಹೊಸ ಮಟ್ಟು ಕೇಳಿದರೆ ನೋಡೋಣ ಎನ್ನುತ್ತಿದ್ದ. ಗುರುವಾರ ಅವನಿಗೆ ವಾರದ ರಜೆ. ಅಂದು ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟ. ಅವನು ಅಹಮದಾಬಾದ್ ಬಸ್ಸು ಹತ್ತಿದ್ದನ್ನು ಕಂಡೆನೆಂದು ಡ್ರಮ್ಸ್‌ನವನು ಹೇಳಿದ. ಬೇರೆ ಬ್ಯಾಂಡು ಸೇರುತ್ತಿದ್ದಾನೆ, ಹೊಸ ಮಟ್ಟುಗಳನ್ನು ಅಲ್ಲಿಗೆ ಒಯ್ಯುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ನೇರವಾಗಿ ಕೇಳಿಬಿಡು ಎಂದು ಹಾಡುವವಳು ಹೇಳಿದಳು. ನಾನು ಕೇಳಲಿಲ್ಲ. ಮುಂದಿನ ಗುರುವಾರ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ.

ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅಹಮದಾಬಾದಿನಲ್ಲಿ ಇಳಿದು ಆಟೋ ಹತ್ತಿದ. ಇನ್ನೊಂದು ಆಟೋದಲ್ಲಿ ನಾನು ಬೆನ್ನು ಹತ್ತಿದೆ. ನವರಂಗಪುರದ ಒಂದು ಕಟ್ಟಡದೊಳಗೆ ಹೋದ. ಮೆಟ್ಟಿಲ ಬಳಿ ಎರಡನೇ ಮಹಡಿಯ ರೆಕಾರ್ಡಿಂಗ್ ಸ್ಟುಡಿಯೋದ ಬೋರ್ಡಿತ್ತು. ಉಳಿದ ಬೋರ್ಡುಗಳನ್ನು ನಾನು ಓದಲಿಲ್ಲ. ಎದುರಿನ ಅಂಗಡಿಯ ನೆರಳಲ್ಲಿ ಗಂಟೆಗಟ್ಟಲೆ ಕಾದೆ. ಅವನು ಕಂಕುಳಲ್ಲಿ ದೊಡ್ಡದೊಂದು ಲಕೋಟೆ ಇಟ್ಟುಕೊಂಡು ಇಳಿದು ಬಂದ. ಒಪ್ಪಂದದ ಕಾಗದವೇ ಎಂದುಕೊಂಡೆ. ನಾಚಿಕೆಯ ಮಾತು, ಆಗ ನನಗೆ ಒಳಗೊಳಗೇ ಖುಷಿಯಾಗಿತ್ತು.

ಮರುವಾರ ಸೂರತ್ತಿನಲ್ಲಿ ಕಾರ್ಯಕ್ರಮ. ಸಂಜೆ ವೇದಿಕೆ ಹತ್ತುವ ಮುಂಚೆ, ನಮಗೆ ಬಿಟ್ಟುಕೊಟ್ಟಿದ್ದ ತರಗತಿಯಲ್ಲಿ, ಎಲ್ಲರೆದುರು ಕೇಳಿದೆ.

"ಗುರುವಾರ ಗುರುವಾರ ನವರಂಗಪುರದಲ್ಲಿ ಏನು ಕೆಲಸ ನಿಂಗೆ?"

ಅವನು ನನ್ನ ತುಟಿಗಳನ್ನೇ ನೋಡಿದ. "ನನ್ನ ಬೆನ್ನ ಹತ್ತಿ ಬಂದಿದ್ದೇನ?"

"ಸ್ಟುಡಿಯೋಗೆ ಹೋಗಿದ್ಯೋ ಇಲ್ವೋ, ಅಷ್ಟು ಹೇಳು."

"ಹೋಗಿದ್ದೆ."

ಗಿಟಾರ್ ಎತ್ತಿಕೊಂಡು ವೇದಿಕೆಯತ್ತ ನಡೆದ. ವೇದಿಕೆಯ ಮೇಲೆ ಅವನ ಗಿಟಾರ್ ತಾಳಕ್ಕಿಂತ ಮುಂದೆ ಓಡಿತು. ನಮ್ಮನ್ನು ಕೆಡಿಸಲೆಂದೇ ಮಾಡುತ್ತಿದ್ದಾನೆ ಅನ್ನಿಸಿತು. ಎರಡನೇ ಹಾಡು ಮುಗಿದದ್ದೇ ಗಿಟಾರ್ ಹೆಗಲಿಗೇರಿಸಿ ಇಳಿದು ಹೋದ. ಅವನಿಲ್ಲದೆ ಇನ್ನೆರಡು ಕಡೆ ನುಡಿಸಿದೆವು. ಜನ ಎದ್ದು ಹೋದರು. ಹಾಡುವವಳು ನನ್ನೊಂದಿಗೆ ಮಾತು ಬಿಟ್ಟಳು. ಅಲ್ಲಿಗೆ ಬ್ಯಾಂಡು ಮುಗಿಯಿತು.

ಒಂದೂವರೆ ವರ್ಷದ ಬಳಿಕ ತರಬೇತಿಗೆಂದು ಅಹಮದಾಬಾದಿನ ನರೋಡಾದ ಕಾರ್ಖಾನೆಯೊಂದಕ್ಕೆ ಹೋದಾಗ ಕ್ಯಾಂಟೀನಿನಲ್ಲಿ ಅವನು ಕಂಡ. ಉಗ್ರಾಣ ನೋಡಿಕೊಳ್ಳುವ ಕೆಲಸ. ಎಡಗಿವಿಯ ಹಿಂದೆ ಶ್ರವಣ ಯಂತ್ರ. ನಾನೇ ಹೋಗಿ ಎದುರಿಗೆ ಕೂತೆ.

ಕಿವಿಯ ಡಾಕ್ಟರು ಆ ಕಟ್ಟಡದ ಮೂರನೇ ಮಹಡಿಯಲ್ಲಿದ್ದರಂತೆ. ಲಕೋಟೆಯಲ್ಲಿದ್ದದ್ದು ಪರೀಕ್ಷೆಯ ವರದಿಗಳಂತೆ.

"ಮತ್ತೆ ಸ್ಟುಡಿಯೋಗೆ ಹೋಗಿದ್ದೆ ಅಂದ್ಯಲ್ಲ?" ಎಂದೆ. ಆಗಲೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

"ಅದೂ ಖರೇನ. ಒಮ್ಮೆ ಹೋಗಿದ್ದೆ. ಕಿವಿ ಪೂರಾ ಹೋಗೂದ್ರಾಗ ಯಾರ ಜೋಡಿನಾರ ಒಂದು ರೆಕಾರ್ಡ್ ಮಾಡಬೇಕಂತ. ಸ್ಟುಡಿಯೋದವರು ಬ್ಯಾಡ ಅಂದ್ರು." ತಟ್ಟೆಯನ್ನು ಬದಿಗೆ ಸರಿಸಿ ಹೇಳಿದ, "ನಿಮಗ ಹೇಳಿದ್ರ ನನ್ನ ತಗದು ಹಾಕ್ತೀರಿ ಅಂತ ಅನುಮಾನ ಇತ್ತು."

ಹಾಗೆ ಮಾಡುತ್ತಿರಲಿಲ್ಲ ಎನ್ನಲು ಬಾಯಿ ತೆರೆದೆ. ಸೂರತ್ತಿಗೆ ಹೊರಡುವ ಮುನ್ನಾದಿನ, ಬೇರೆ ಗಿಟಾರಿನವನನ್ನು ಹುಡುಕು ಎಂದು ಡ್ರಮ್ಸ್‌ನವನಿಗೆ ಹೇಳಿದ್ದವನು ನಾನೇ. ಅದನ್ನು ಅವನಿಗೆ ಹೇಳಲಿಲ್ಲ.