ಮೂರನೇ ಮಹಡಿ ಹತ್ತದ ಮಕ್ಕಳು

ಮಕ್ಕಳ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಅವಳದು ಒಂದೇ ಕೆಲಸ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು, ಅಂದರೆ ಹುಟ್ಟುವ ಹೊತ್ತಿಗೋ ಅದರ ಆಸುಪಾಸಿನಲ್ಲೋ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಮಕ್ಕಳು, ವರ್ಷಕ್ಕೆ ಎಷ್ಟು ಮಂದಿ ಎಂದು ಬರೆದಿಡುವುದು. ಐದು ತುಂಬಿದ ಮಗುವನ್ನು ಡಾಕ್ಟರು ನೋಡಿ ಹೌದೆಂದರೆ ಪಟ್ಟಿಗೆ ಸೇರುತ್ತಿತ್ತು. ಸಾವಿರ ಮಕ್ಕಳಿಗೆ ಮೂರು ಚಿಲ್ಲರೆ. ವರ್ಷ ವರ್ಷವೂ ಹೆಚ್ಚುಕಡಿಮೆ ಅಷ್ಟೇ.

ಆ ವರ್ಷ ಅದು ಒಂದೂವರೆಗೆ ಇಳಿಯಿತು. ದೊಡ್ಡ ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು.

“ಹೆರಿಗೆ ವಾರ್ಡಿಗೆ ಹೊಸ ಮೆಷಿನ್ ತಂದಿದ್ದು ಸಾರ್ಥಕ ಆಯ್ತು, ನೋಡು.”

“ಈ ಮಕ್ಕಳು ಹುಟ್ಟಿದ್ದು ಐದು ವರ್ಷದ ಹಿಂದೆ ಸರ್. ಮೆಷಿನ್ ಬಂದಿದ್ದು ಹೋದ ವರ್ಷ.”

“ನೀನು ಬರಿಯೋದನ್ನ ನೋಡ್ಕೊ.”

ಅವಳ ಮೈ ಉರಿಯಿತು. ಎರಡು ವಾರ ರಜೆ ಹಾಕಿದಳು. ಹುಟ್ಟಿದಾಗಲೇ ಅನುಮಾನದ ಗುರುತು ಬಿದ್ದು, ಐದಾದರೂ ತಪಾಸಣೆಗೆ ಬಾರದ ಮಕ್ಕಳ ವಿಳಾಸ ಹಿಡಿದು ಮನೆಮನೆ ಸುತ್ತಿದಳು.

ಮೊದಲ ಮನೆ ಒಬ್ಬ ದರ್ಜಿ ಹೆಂಗಸಿನದು. ಬಟ್ಟೆ ಚೂರುಗಳ ನಡುವೆ ದಿಂಬಿಗೆ ಒರಗಿಸಿದ್ದ ಹುಡುಗಿ ಇವಳನ್ನು ಕಂಡು ಬಾಯಿತುಂಬ ನಕ್ಕಳು. “ತಪಾಸಣೆಗೆ ಯಾಕಮ್ಮ ಬರಲಿಲ್ಲ?” ಎಂದದ್ದಕ್ಕೆ ತಾಯಿ ಹೊಲಿಗೆ ನಿಲ್ಲಿಸಲೂ ಇಲ್ಲ.

“ಬಂದಿದ್ದೆ. ನಿಮ್ಮ ತಪಾಸಣೆ ಕೋಣೆ ಮೂರನೇ ಮಹಡಿಗೆ ಹೋಗಿತ್ತು, ಲಿಫ್ಟ್ ಕೆಟ್ಟಿತ್ತು. ಹದಿನಾರು ಕೆಜಿ ಕೂಸು, ಸೆಟೆದ್ರೆ ಇಬ್ರು ಹಿಡೀಬೇಕು. ಎರಡನೇ ಮಹಡೀಲಿ ಕೈ ಸೋತು ಕೂತೆ. ದಾರೀಲಿ ಕೂರಬೇಡ ಅಂತ ಎಬ್ಬಿಸಿದ್ರು. ಇಳಿದು ಬಂದೆ.”

ಪಟ್ಟಿ ಅಕ್ಕ ಆ ವರ್ಷವಿಡೀ ದಿನಾ ಅದೇ ಮೆಟ್ಟಿಲು ಹತ್ತುತ್ತಿದ್ದವಳು. ಲಿಫ್ಟಿಗೆ ಶಾಪ ಹಾಕಿದ್ದು ತನ್ನ ಮೊಣಕಾಲಿನ ನೋವಿಗೆ ಮಾತ್ರ. ಅವತ್ತಿನ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೇ ಇತ್ತು.

ರಜೆ ಮುಗಿಯುವಷ್ಟರಲ್ಲಿ ಹೀಗೇ ಮೆಟ್ಟಿಲಿಗೆ ಸೋತ ಇಪ್ಪತ್ಮೂರು ಮಕ್ಕಳು ಸಿಕ್ಕರು.

ವಾರ್ಷಿಕ ಸಭೆಯಲ್ಲಿ ಗೋಡೆಯ ಮೇಲೆ ನಕ್ಷೆ ಮೂಡಿತು. ಗೆರೆ ಜಾರುಬಂಡಿಯ ಹಾಗೆ ಕೆಳಕ್ಕಿಳಿದಿತ್ತು. ಕೇಂದ್ರ ಕಚೇರಿಯಿಂದ ಬಂದ ಮೇಲಧಿಕಾರಿ ಚಪ್ಪಾಳೆ ತಟ್ಟುತ್ತಿದ್ದಾಗ ಹಿಂದಿನ ಸಾಲಿನಿಂದ ಅವಳು ಎದ್ದಳು.

“ಆ ಗೆರೆ ಇಳಿದಿರೋದು ಲಿಫ್ಟ್ ಕೆಟ್ಟಿದ್ದಕ್ಕೆ ಸರ್.”

“ಏನು ಹುಚ್ಚಾ ನಿಂಗೆ? ಕೂತ್ಕೊ!” ದೊಡ್ಡ ಡಾಕ್ಟರ ಮುಖ ಕೆಂಪಾಯಿತು.

ಅವಳು ಕೂರಲಿಲ್ಲ. ಒಂದೊಂದೇ ಬೀದಿ, ಒಂದೊಂದೇ ಮಗುವಿನ ವಯಸ್ಸು, ಇಪ್ಪತ್ಮೂರನ್ನೂ ಓದಿದಳು.

ಮೇಲಧಿಕಾರಿ ಇಬ್ಬರು ಡಾಕ್ಟರುಗಳನ್ನು ಮನೆಗಳಿಗೇ ಅಟ್ಟಿದರು. ಇಪ್ಪತ್ತೊಂದು ಮಕ್ಕಳ ವಿಷಯ ಖಚಿತವಾಯಿತು. ಪ್ರಮಾಣ ಮತ್ತೆ ಮೂರಕ್ಕೆ ಏರಿತು. ತಪಾಸಣೆ ಕೋಣೆ ನೆಲಮಹಡಿಗೆ ಬಂತು. ವರದಿಯಲ್ಲಿ ‘ಮರುಸಮೀಕ್ಷೆಯ ನಂತರ’ ಎಂದು ಅಚ್ಚಾಯಿತೇ ಹೊರತು ಅವಳ ಸುದ್ದಿ ಇರಲಿಲ್ಲ. ರಜೆಯ ದುರುಪಯೋಗ ಎಂದು ಮಾತ್ರ ಅವಳ ಕೈಗೊಂದು ನೋಟಿಸು ಬಂತು, ಜೊತೆಗೆ ಔಷಧಿ ಉಗ್ರಾಣಕ್ಕೆ ವರ್ಗ.

ಬಸ್ ಮೆಕ್ಯಾನಿಕ್ ಗಂಡ ಸಮಾಧಾನ ಮಾಡಲು ನೋಡಿದ. “ಗೆದ್ದೆಯಲ್ಲ ಮಾರಾಯ್ತಿ, ಇನ್ನೂ ಯಾಕೆ ಬುಸುಗುಡ್ತೀಯ?”

“ಗೆದ್ದಿದ್ದು ಯಾರು? ವ್ಯಾಯಾಮ ಹೇಳಿಕೊಡೋದೂ ಆ ಮೂರನೇ ಮಹಡೀಲೇ ಇತ್ತು. ದರ್ಜಿಯಮ್ಮನ ಮಗಳಿಗೆ ಒಂದು ವರ್ಷ ಪೂರ್ತಿ ತಪ್ಪಿಹೋಯ್ತು. ಎಡಗಾಲು ಮಡಚಿಕೊಂಡೇ ಬಿಗಿದುಬಿಟ್ಟಿದೆ. ಅಂಕಿ ತಿದ್ದಿದ್ರಲ್ಲ, ಆ ಕಾಲು ಯಾರು ಬಿಡಿಸ್ತಾರೆ?”